ಸಫಿಯಮ್ಮ ಕುಡಿಸಿದ ಗಂಜಿತಿಳಿ

ತೋಡಾರಿನಲ್ಲಿ ಸಫಿಯಮ್ಮನ ಬಾಯಿಗೆ ಹೆದರದವರು ಕಡಿಮೆ. ಗಂಡ ತೀರಿದ ಮೇಲೆ ಬೀಡಿ ಕಟ್ಟಿ ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಕಟ್ಟಲು ಎಲೆ, ತಂಬಾಕು ಕೊಡುವ ಬೀಡಿ ಬ್ರಾಂಚಿನವನು ತೂತು ಬಿದ್ದ ಎಲೆ ಕೊಟ್ಟರೆ ಅವನ ಮೇಜಿನ ಮೇಲೇ ಸುರಿದು ಬರುತ್ತಿದ್ದರು. ಮುಚ್ಚಿಟ್ಟು ಮಾತಾಡುವುದು ಅವರ ಜಾಯಮಾನದಲ್ಲಿಲ್ಲ. ಮೊಮ್ಮಗಳು ಜಸ್ನಾಳಿಗೆ ಟಿ.ಬಿ. ಎಂದು ಗೊತ್ತಾದಾಗ ನೆರೆಮನೆಯವಳು, "ನ್ಯುಮೋನಿಯಾ ಅಂತ ಹೇಳಿ. ನಾಳೆ ಹುಡುಗಿಗೆ ಗಂಡು ಸಿಗ್ಲಿಕ್ಕಿಲ್ಲ" ಎಂದು ಬುದ್ಧಿ ಹೇಳಿದಳು.

"ಆರು ವರ್ಷದ ಮಗುವಿಗೆ ನೀನು ಈಗಲೇ ಗಂಡು ಹುಡುಕಬೇಡ ಮಾರಾಯ್ತಿ" ಎಂದರು ಸಫಿಯಮ್ಮ, ಇಡೀ ಓಣಿಗೆ ಕೇಳುವ ಹಾಗೆ.

ಮಗುವಿಗೆ ಮೊದಲು ಬಂದದ್ದು ಕೆಮ್ಮು. ಅದರ ಬೆನ್ನಿಗೇ ಎದೆಯಲ್ಲಿ ಸುಂಯ್ ಎನ್ನುವ ಉಬ್ಬಸ. ದಮ್ಮಿನ ಕಾಯಿಲೆಯೆಂದು ತಿಂಗಳುಗಟ್ಟಲೆ ಬಾಯಿಗೆ ಪಂಪು ಇಟ್ಟು ಮದ್ದು ಎಳೆಸಿದರು, ಇಳಿಯಲಿಲ್ಲ. ಟಿ.ಬಿ. ಎಂದು ಪತ್ತೆಯಾದ ಮೇಲೆ ಆಶಾ ಕಾರ್ಯಕರ್ತೆ ವಿನೋದಾ ಮಾತ್ರೆ ತಂದುಕೊಡತೊಡಗಿದಳು. ಜ್ವರ ಬಿಟ್ಟಿತು, ಮಗು ಉಣ್ಣತೊಡಗಿತು. ಉಬ್ಬಸ ಮಾತ್ರ ಜಗ್ಗಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ವಿಷಯ ಬಿಡಿಸಿ ಹೇಳಿದರು. ಎದೆಯೊಳಗಿನ ಗಂಟೊಂದು ಒಡೆದು, ಎಡಗಡೆಯ ಶ್ವಾಸನಾಳದಲ್ಲಿ ಗಟ್ಟಿ ಮೊಸರಿನಂಥದ್ದು ತುಂಬಿದೆ; ಆ ಬದಿಗೆ ಗಾಳಿಯೇ ಹೋಗುತ್ತಿಲ್ಲ. ರೋಗವನ್ನು ಮಾತ್ರೆ ಕೊಲ್ಲುತ್ತದೆ. ಕಟ್ಟಿಕೊಂಡದ್ದನ್ನು ತೆಗೆಯಲು ಮಗುವಿಗೆ ಅರಿವಳಿಕೆ ಕೊಟ್ಟು, ಬಾಯಿಯಿಂದ ಕ್ಯಾಮೆರಾ ಇರುವ ಸಪೂರ ಕೊಳವೆ ಇಳಿಸಬೇಕು. ತಡವಾದರೆ ನಾಳ ಒಳಗೇ ಕಲೆಗಟ್ಟಿ, ಆ ಬದಿಯ ಶ್ವಾಸಕೋಶ ಜನ್ಮಕ್ಕೂ ಬಿಚ್ಚಲಿಕ್ಕಿಲ್ಲ. ಮಕ್ಕಳಿಗೆ ಆ ಕೆಲಸ ಮಾಡುವ ಡಾಕ್ಟರು ಅಲ್ಲಿಗೆ ಬರುವುದು ತಿಂಗಳಿಗೊಮ್ಮೆ.

"ರಾತ್ರಿ ಊಟದ ಮೇಲೆ ಏನೂ ಕೊಡಬೇಡಿ, ಬೆಳಿಗ್ಗೆ ಒಂದೆರಡು ಗುಟುಕು ನೀರು ಮಾತ್ರ" ಎಂದು ಆಸ್ಪತ್ರೆಯವರು ದಿನ ಗೊತ್ತುಮಾಡಿ ಹೇಳಿ ಕಳಿಸಿದ್ದರು. ಆದರೆ ನಮ್ಮ ಕಡೆ ಗಂಜಿಯ ತಿಳಿಯನ್ನು ಊಟವೆಂದು ಯಾರು ಹೇಳುತ್ತಾರೆ? ಜ್ವರಕ್ಕೂ ಅದೇ, ಬಾಯಾರಿಕೆಗೂ ಅದೇ. ಬಸ್ಸಿಗೆ ಹೊರಡುವಾಗ ಹಸಿವೆಂದು ಮುಖ ಸಣ್ಣ ಮಾಡಿದ ಮಗುವಿಗೆ ಸಫಿಯಮ್ಮ ಉಪ್ಪು ಹಾಕಿ ಒಂದು ಲೋಟ ತಿಳಿ ಕುಡಿಸಿದರು. ಪಕ್ಕದಲ್ಲಿದ್ದ ಸೊಸೆ, ಮಗುವಿನ ತಾಯಿ ರಂಲತ್‌ಗೂ ಅದು ತಪ್ಪೆನಿಸಲಿಲ್ಲ.

ಆಸ್ಪತ್ರೆಯಲ್ಲಿ ಅವರಿಗಿಂತ ಮೊದಲಿನ ಸರದಿಯ ಹುಡುಗ ಬಿಸ್ಕತ್ತು ತಿಂದಿದ್ದನೆಂದು ಹಿಂದೆ ಕಳಿಸಿದರು. ಸಫಿಯಮ್ಮನಿಗೆ ಆಗ ದಿಗಿಲಾಯಿತು.

"ತಿಳಿಯೂ ಆಗ್ಲಿಕ್ಕಿಲ್ವೋ ಏನೋ. ಕೇಳುವ."

"ಸುಮ್ಮನಿರಿ ಮಾಮಿ!" ರಂಲತ್ ಅತ್ತೆಯ ಕೈ ಹಿಡಿದು ಪಿಸುಗುಟ್ಟಿದಳು. "ನಮ್ಮನ್ನೂ ಕಳಿಸ್ತಾರೆ. ಇನ್ನೊಂದು ತಿಂಗಳು ಹೋದ್ರೆ ಮಗುವಿನ ಎದೆ ಏನಾಗ್ತದೆ? ಒಂದು ದಿನ ಬಾಯಿ ಮುಚ್ಚಿದ್ರೆ ನಿಮಗೆ ಅಜೀರ್ಣ ಆಗ್ತದಾ?"

ನರ್ಸು ಬಂದು, "ಏನಾದ್ರೂ ಕೊಟ್ಟಿದ್ದೀರಾ?" ಎಂದು ಕೇಳಿದಳು. ರಂಲತ್ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಕೊಟ್ಟಿದ್ದೇನೆ" ಎಂದರು ಸಫಿಯಮ್ಮ. "ಗಂಜಿತಿಳಿ, ಒಂದು ಲೋಟ. ನಾನೇ."

ಡಾಕ್ಟರೇ ಹೊರಗೆ ಬಂದರು. "ಅಮ್ಮಾ, ಅದು ಅನ್ನವೇ. ಮಲಗಿಸಿದಾಗ ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಜೀವಕ್ಕೆ ಅಪಾಯ. ಕೊನೆಯ ಸರದಿಗೆ ಇಡುತ್ತೇನೆ. ಉಳಿದವರದ್ದು ಬೇಗ ಮುಗಿದರೆ ಇವತ್ತು, ಇಲ್ಲದಿದ್ದರೆ ಮುಂದಿನ ತಿಂಗಳು."

ರಂಲತ್ ಅತ್ತೆಯ ಮುಖ ನೋಡಲಿಲ್ಲ. ಹೊತ್ತು ಏರಿದಂತೆ ಜಸ್ನಾ ಹಸಿವೆಂದು ರಚ್ಚೆ ಹಿಡಿದಳು. ಸಫಿಯಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಅಳಬೇಡ. ಇವತ್ತು ನಮಗಿಬ್ಬರಿಗೂ ನೋಂಬು."

ದೊಡ್ಡವರ ಹಾಗೆ ಉಪವಾಸ ಹಿಡಿಯಬೇಕೆಂದು ಹುಡುಗಿಗೆ ಎಂದಿನಿಂದಲೋ ಆಸೆ. ಆದರೂ ಸಂಶಯ. "ಈಗ ರಮ್ಜಾನ್ ಅಲ್ವಲ್ಲ ಅಜ್ಜಿ?"

"ನನ್ನದು ಹಳೆಯ ಬಾಕಿ ಉಂಟು."

"ನನ್ನದು?"

"ನಿನ್ನದು ಮುಂಗಡ."

ಮಗು ನಕ್ಕು ಕೆಮ್ಮಿತು. ರಂಲತ್ ತಂದ ಚಹಾವನ್ನು ಸಫಿಯಮ್ಮ ಮುಟ್ಟಲಿಲ್ಲ. ಅಜ್ಜಿ ಕದ್ದು ಕುಡಿಯುತ್ತಾರೋ ಎಂದು ಜಸ್ನಾ ಕಣ್ಣಿಟ್ಟು ಕಾದಳು. ಅದರಲ್ಲೇ ಅಳು ಮರೆತುಹೋಯಿತು.

ಬಿಸಿಲು ಇಳಿಯುವ ಹೊತ್ತಿಗೆ ಒಳಗಿಂದ ಕರೆ ಬಂತು. ಬಾಗಿಲು ಮುಚ್ಚಿತು. ಅತ್ತೆ ಸೊಸೆ ಒಂದೇ ಬೆಂಚಿನಲ್ಲಿ, ನಡುವೆ ಒಂದು ಆಳು ಕೂರುವಷ್ಟು ಜಾಗ ಬಿಟ್ಟು, ಕಾದರು.

ಡಾಕ್ಟರು ಹೊರಬಂದು, ಅಡ್ಡವಿದ್ದದ್ದನ್ನು ಚಿಮಟದಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದೆ, ಉಳಿದದ್ದನ್ನು ಅತಿ ಶೀತದಿಂದ ಹೆಪ್ಪುಗಟ್ಟಿಸಿ ನಾಶ ಮಾಡಿದ್ದೇನೆ, ನಾಳ ತೆರೆದಿದೆ ಎಂದರು. ಇನ್ನೊಮ್ಮೆ ಕೊಳವೆ ಇಳಿಸಿ ನೋಡಬೇಕು; ಮಾತ್ರೆ ಒಂದು ದಿನವೂ ತಪ್ಪಬಾರದು.

ಒಳಗೆ ಜಸ್ನಾ ಇನ್ನೂ ಮಂಪರಿನಲ್ಲಿದ್ದಳು. ರಂಲತ್ ಮಗುವಿನ ಎಡಪಕ್ಕೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಅತ್ತೆಯ ಕೈ ಎಳೆದು ಅದೇ ಜಾಗದಲ್ಲಿ ಇಟ್ಟಳು.

"ಮಾಮಿ, ಈ ಬದಿಯೂ ಏಳ್ತಾ ಉಂಟು."