ಹಾನಗಲ್ಲಿನ ಡಬ್ಬಿಯಲ್ಲಿ ನಾನು ಹಾಕಿದ ಚೀಟಿ

ಆ ಚೀಟಿ ಬರೆದವನು ನಾನು, ಆಚಾರ್ಯರೇ. ಅಬಲೂರಿನ ಮಾಸ್ತರರಲ್ಲ, ಬೇರೆ ಯಾರೂ ಅಲ್ಲ. ಬಂಕಾಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಫಕ್ಕೀರಪ್ಪ, ಹಾನಗಲ್ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಪ್ರತಿ ರವಿವಾರ ನಿಮಗೆ ಸೀಟು ಹಿಡಿಯುತ್ತಿದ್ದವನು — ನಾನೇ. ಮೂರು ವರ್ಷ ಇದನ್ನು ನುಂಗಿಕೊಂಡಿದ್ದೆ. ನುಂಗಿದ್ದು ಕರಗಲಿಲ್ಲ.

ಇದನ್ನು ಕೇಳುವ ಉಳಿದವರಿಗೂ ತಿಳಿಯಲಿ ಎಂದು ಮೊದಲಿನಿಂದ ಹೇಳುತ್ತೇನೆ.

ನಾನು ಶಾಲೆ ಬಿಟ್ಟದ್ದು ಆರನೆಯ ಇಯತ್ತೆಯಲ್ಲಿ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಸುಟ್ಟ ಮೋಟರಿನ ವಾಸನೆ ನೋಡಿ, ಕರೆಂಟು ಕಡಿಮೆಯಾಗಿ ಸುಟ್ಟಿತೋ ಬೇರಿಂಗ್ ಹಿಡಿದು ಸುಟ್ಟಿತೋ ಹೇಳಬಲ್ಲೆ. ಇಂಜಿನಿಯರಿಂಗ್ ಓದಿದವರು ನನ್ನ ಅಂಗಡಿಯ ಮುಂದೆ ನಿಂತು ಕಾದದ್ದುಂಟು. ಆದರೂ ಓದಿದ ಮಂದಿಯ ಹತ್ತಿರ ಏನೋ ಇದೆ, ಅದನ್ನು ನಮ್ಮಂಥವರಿಂದ ಬಚ್ಚಿಟ್ಟಿದ್ದಾರೆ ಎನ್ನುವ ಗುಮಾನಿ ಚಿಕ್ಕಂದಿನಿಂದಲೂ ಇತ್ತು. ಅದೇನು ಎಂದು ನೋಡಿಯೇಬಿಡಬೇಕೆಂದು ಐವತ್ತು ದಾಟಿದ ಮೇಲೆ ದೊಡ್ಡವರಿಗಾಗಿ ನಡೆಸುವ ತತ್ತ್ವಶಾಸ್ತ್ರದ ತರಗತಿಗೆ ಸೇರಿದೆ.

ಆರು ರವಿವಾರಕ್ಕೆ ಒಂದು ಪಾಠಮಾಲೆ. ಶಿಗ್ಗಾಂವಿಯಲ್ಲಿ ಒಂದು ಮುಗಿದರೆ ಸವಣೂರಿನಲ್ಲಿ ಇನ್ನೊಂದು, ಆಮೇಲೆ ಹಾನಗಲ್, ಆಮೇಲೆ ಹಿರೇಕೆರೂರು. ಪರೀಕ್ಷೆ ಇಲ್ಲ, ಎಷ್ಟು ಓದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದ ಮೇಡಂ ಒಬ್ಬರು ಪಾಠ ಹೇಳುತ್ತಿದ್ದರು. ಅವರ ಮೇಜಿನ ಮೇಲೆ ಒಂದು ಬಿಸ್ಕಿಟ್ ಡಬ್ಬಿ. ಎದ್ದು ಕೇಳಲು ನಾಚುವವರು ಹೆಸರು ಹಾಕದೆ ಚೀಟಿ ಬರೆದು ಅದರಲ್ಲಿ ಹಾಕಬಹುದು. ಪಾಠದ ಕೊನೆಗೆ ಮೇಡಂ ಒಂದೊಂದನ್ನೇ ತೆಗೆದು ಗಟ್ಟಿಯಾಗಿ ಓದುತ್ತಿದ್ದರು.

ನೀವು ಪರಿಚಯವಾದದ್ದು ಅಲ್ಲೇ. ಸವಣೂರಿನವರು, ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ದುಡಿದು ನಿವೃತ್ತರಾದವರು. ಆದರೆ ತರಗತಿಯಲ್ಲಿ ನಿಮ್ಮನ್ನು ಯಾರೂ ಕಂಪೌಂಡರ್ ಎಂದು ಕಾಣಲಿಲ್ಲ. ಅಜ್ಜ ಮುತ್ತಜ್ಜ ಶಾಸ್ತ್ರ ಹೇಳಿದ ಮನೆತನ ನಿಮ್ಮದು. "ಆಚಾರ್ರ ಏನಂತೀರಿ?" ಎಂದು ಎಲ್ಲರೂ ಮೊದಲು ನಿಮ್ಮ ಕಡೆಗೇ ತಿರುಗುತ್ತಿದ್ದರು. ನೀವು ಮೆಲ್ಲಗೆ ನಗುತ್ತಿದ್ದಿರಿ. ಆ ನಗೆಯನ್ನು ನಾನು ನಂಬಲಿಲ್ಲ. ಇವರು ನನ್ನ ಪಕ್ಕದಲ್ಲೇ ಯಾಕೆ ಕೂಡುತ್ತಾರೆ — ನನ್ನ ಬರಹದ ತಪ್ಪು ನೋಡುವುದಕ್ಕೋ? ಸವಣೂರಿನ ಎಳೆಯ ವೀಳ್ಯದೆಲೆ ತಂದು ಕೊಡುತ್ತಿದ್ದಿರಿ. ಬಾಯಿ ಕೆಂಪಾಗುವಷ್ಟರಲ್ಲಿ ಅದರ ಬಗ್ಗೆಯೂ ಒಂದು ಸಂಶಯ.

ಒಂದು ಸಲ ನಿಮ್ಮ ಮನೆಯ ನೀರಿನ ಮೋಟರ್ ಕೆಟ್ಟಿತು, ಬಂದೆ. ಪಡಸಾಲೆಯ ಕಪಾಟಿನಲ್ಲಿ ಕೆಂಪು ಅರಿವೆಯಲ್ಲಿ ಕಟ್ಟಿಟ್ಟ ಹಳೆಯ ಸಂಸ್ಕೃತ ಗ್ರಂಥಗಳು ಕಂಡವು. ಆಸೆಯಾಯಿತು.

"ಒಂದ ಸಾಲ ಓದಿ ತೋರಸ್ರಿ ಆಚಾರ್ರ, ಹೆಂಗಿರತೈತಿ ಕೇಳೂಣು," ಎಂದೆ.

ನೀವು ಗಂಟು ಬಿಚ್ಚಿದಿರಿ. ಒಂದು ಹಾಳೆ ಎತ್ತಿದಿರಿ. ಹಾಗೇ ಇಟ್ಟಿರಿ. "ಚಷ್ಮಾ ಎಲ್ಲೆ ಇಟ್ಟೇನೋ ಏನೋ. ಇನ್ನೊಮ್ಮೆ ಓದೋಣಂತ, ಮಿಸ್ತ್ರಿ."

ಚಷ್ಮಾ ನಿಮ್ಮ ಅಂಗಿಯ ಕಿಸೆಯಲ್ಲೇ ಇತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ನೀವೂ ನೋಡಿದಿರೋ ಏನೋ — ಇಬ್ಬರೂ ಮೋಟರಿನ ಕಡೆ ತಿರುಗಿದೆವು.

ನನಗೆ ಕೆಲಸ ಕಲಿಸಿದ ಹಿರಿಯ ಮಿಸ್ತ್ರಿ, ತಂತಿ ಸುತ್ತುವುದನ್ನು ಹೇಳಿಕೊಡುವ ಮೊದಲೇ ಹೇಳಿದ ಮಾತೊಂದಿತ್ತು: "ಮಂದಿ ಮನಿಯೊಳಗ ಕಂಡದ್ದನ್ನ ಅವರ ಹೊಸ್ತಲದಾಗ ಬಿಟ್ಟ ಬರಬೇಕು." ಮೂವತ್ತು ವರ್ಷ ಬಿಟ್ಟೇ ಬಂದಿದ್ದೆ.

ಆಮೇಲೆ ಹಾನಗಲ್ಲಿನ ಪಾಠಮಾಲೆ ಬಂತು. ಮನುಷ್ಯ ಒಂದು ಸಂಗತಿಯನ್ನು ಹೇಗೆ ತಿಳಿಯುತ್ತಾನೆ ಎನ್ನುವುದೇ ವಿಷಯ — ಕಣ್ಣಾರೆ ಕಂಡು, ಊಹಿಸಿ, ಬಲ್ಲವರ ಮಾತು ಕೇಳಿ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಊಹಿಸುತ್ತೇವೆ ಎಂದು ಮೇಡಂ ವಿವರಿಸಿದರು. "ಆದ್ರ ದೂರದಿಂದ ಹೊಗಿ ಅಂತ ಕಂಡದ್ದು ಬರೇ ಮಂಜ ಇದ್ರ?" ಎಂದು ಕೇಳಿದರು.

ನಾನು ಎದ್ದೆ. "ಮಂಜ ಯಾವುದು, ಹೊಗಿ ಯಾವುದು ತಿಳೀದಾಂವ ಮಿಸ್ತ್ರಿ ಎದಕ್ಕ ಆಗ್ತಾನ್ರಿ?"

ಎಲ್ಲರೂ ನಕ್ಕರು. ನಮ್ಮ ಜೊತೆಗೇ ಕಲಿಯಲು ಬರುತ್ತಿದ್ದ ಅಬಲೂರಿನ ಮಾಸ್ತರರು, "ಫಕ್ಕೀರಪ್ಪನ ಮೂಗಿಗೆ ಒಂದ ಸರ್ಟಿಫಿಕೇಟ್ ಕೊಟ್ಟಬಿಡ್ರಿ, ಮೇಡಂ!" ಎಂದರು. ಅವರು ಎಲ್ಲರನ್ನೂ ಹಾಗೆ ಚೇಷ್ಟೆ ಮಾಡುವವರೇ. ಆದರೂ ನಗುವವರಲ್ಲಿ ಯಾರು ಯಾರಿದ್ದಾರೆ ಎಂದು ನಾನು ತಿರುಗಿ ನೋಡಿದೆ. ನೀವೂ ಇದ್ದಿರಿ.

ಅಂದೇ ಕೊನೆಗೆ ಮೇಡಂ ಒಂದು ಚೀಟಿ ಓದಿದರು. "ತಿಳಿಯದೆ, ತಿಳಿದವರ ಹಾಗೆ ತಲೆಯಾಡಿಸುತ್ತ ಕೂಡುವವನು ಸುಳ್ಳುಗಾರನೇ? ಅಂಥವನಿಗೆ ಇಲ್ಲಿ ಕೂಡುವ ಅಧಿಕಾರ ಇದೆಯೇ?"

ಆಡುತ್ತಿದ್ದ ನನ್ನ ತಲೆ ಅಲ್ಲೇ ನಿಂತಿತು. ಅರ್ಧ ಮಾತು ಅರ್ಥವಾಗದಿದ್ದಾಗಲೂ ತಲೆಯಾಡಿಸುತ್ತಿದ್ದವನು ನಾನು — ಆರನೆಯ ಇಯತ್ತೆ ಯಾರಿಗೂ ಕಾಣಬಾರದೆಂದು. ಮೇಡಂ ಕೈಯಲ್ಲಿದ್ದ ಚೀಟಿಯ ಹಿಂಬದಿ ಕಂಡಿತು. ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆ, ದಪ್ಪ ಕೆಂಪು ಅಂಕಿ. ಆ ಹಾಳೆಗಳ ಬೆನ್ನ ಮೇಲೆ ಟಿಪ್ಪಣಿ ಬರೆಯುತ್ತಿದ್ದವರು ತರಗತಿಯಲ್ಲಿ ನೀವೊಬ್ಬರೇ. ಹೊಗೆ ಕಂಡೆ, ಬೆಂಕಿ ಎಲ್ಲಿದೆ ಎಂದು ತಿಳಿದೆ — ತಿಳಿದೆ ಎಂದುಕೊಂಡೆ. ಮರಳುವಾಗ ಬಸ್ಸಿನಲ್ಲಿ ನೀವು ಎಲೆ ಮಡಿಸಿ ಕೊಟ್ಟಿರಿ. ಹಲ್ಲುನೋವು ಎಂದು ಬೇಡವೆಂದೆ.

ಒಂದು ವಾರ ತಲೆಯಲ್ಲಿ ಅದೇ. ಕಾಯಿಲ್ ಸುತ್ತುವಾಗ ಸುತ್ತಿನ ಎಣಿಕೆ ತಪ್ಪುತ್ತಿತ್ತು. "ಆ ಚೀಟಿ ನನ್ನ ಮ್ಯಾಲೇನ್ರಿ?" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳುವುದೆಂದರೆ ನನಗೆ ನೋವಾಗಿದೆ ಎಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಮುಂದಿನ ರವಿವಾರ ನಾನೂ ಒಂದು ಚೀಟಿ ಹಾಕಿದೆ. ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ — ತಂತಿ ಸುತ್ತುವವನಿಗೆ ಎರಡೂ ಕೈ ಹಿಡಿತದಲ್ಲಿರುತ್ತವೆ.

"ಮನೆತುಂಬ ಹಿರಿಯರ ಗ್ರಂಥ ಇಟ್ಟುಕೊಂಡು, ಒಂದು ಸಾಲು ಓದಲು ಬಾರದೆ, ಕಿಸೆಯಲ್ಲಿ ಚಷ್ಮಾ ಇದ್ದರೂ ಚಷ್ಮಾ ಸಿಗುತ್ತಿಲ್ಲ ಎನ್ನುವ ಆಚಾರ್ಯರಿಗೆ ಜ್ಞಾನ ಯಾವ ದಾರಿಯಿಂದ ಬಂತು?"

ಮೇಡಂ ಅರ್ಧಕ್ಕೆ ದನಿ ತಗ್ಗಿಸಿದರು. ಆದರೆ ಓದಿ ಆಗಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ನೀವು ಚಷ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡಿರಿ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತಿರಿ.

"ಅದು ನಾನರೀ, ಮೇಡಂ. ನಮ್ಮಜ್ಜನ ಗ್ರಂಥ ನನಗ ಓದ್ಲಿಕ್ಕೆ ಬರೂದಿಲ್ಲ. ಹೋದ ವಾರದ ಚೀಟಿ ಬರದಾಂವನೂ ನಾನ. ತಲಿ ಆಡಿಸ್ಕೋತ ಕೂಡಾಂವ ನಾನು. ಇಲ್ಲೆ ಕೂಡ್ಲಿಕ್ಕೆ ನನಗ ಅಧಿಕಾರ ಅದ ಏನು ಅಂತ ಕೇಳಿದ್ದೆ." ಚಷ್ಮಾ ಕಿಸೆಗೆ ಹಾಕಿಕೊಂಡಿರಿ. "ಉತ್ತರ ಬಂತು."

ಚೀಲ ಎತ್ತಿಕೊಂಡು ಹೋದಿರಿ. ಮತ್ತೆ ಬರಲಿಲ್ಲ.

ಹೊಗೆಯೂ ನಿಜವಾಗಿತ್ತು, ಬೆಂಕಿಯೂ ನಿಜವಾಗಿತ್ತು, ಆಚಾರ್ಯರೇ. ಸುಡುತ್ತಿದ್ದುದು ನನ್ನ ಮನೆಯಲ್ಲ, ಅಷ್ಟೇ. ನನ್ನ ಹಾಗೆಯೇ ಅಂಜಿಕೊಂಡು ಕುಳಿತಿದ್ದ ಇನ್ನೊಬ್ಬ ಮನುಷ್ಯ ನನ್ನ ಪಕ್ಕದಲ್ಲೇ ಇದ್ದ. ಅವನನ್ನೇ ನಾನು —

ಆಗಲಾದರೂ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಹೊರಗೆ ಚಹಾದಂಗಡಿಯಲ್ಲಿ ಎಲ್ಲರ ಗುಮಾನಿ ಅಬಲೂರಿನ ಮಾಸ್ತರರ ಮೇಲೆ ಹೋಯಿತು. ಅವರು ಬಸ್ಸು ಹಿಡಿಯಲು ಮುಂದೆ ಹೋಗಿದ್ದರು. "ಇಂಥಾ ಕುಚೇಷ್ಟಿ ಅವರದ ಇರಬೇಕು. ನೀವೇನಂತೀರಿ, ಮಿಸ್ತ್ರಿ?" ಎಂದು ಒಬ್ಬರು ಕೇಳಿದರು. ನಾನು ಚಹಾದ ಬಸಿ ಕೆಳಗಿಟ್ಟು ಹೇಳಿದೆ: "ಇದ್ರೂ ಇರಬೌದು."

ಎರಡೇ ಮಾತು. ಹಿರೇಕೆರೂರಿನ ಪಾಠಮಾಲೆಯಲ್ಲಿ ಮಾಸ್ತರರು ಒಂದಿಡೀ ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ಯಾಕೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಮೊದಲ ದಿನ ಒಂದು ಚೇಷ್ಟೆಯ ಮಾತಾಡಿದರು, ಯಾರೂ ನಗಲಿಲ್ಲ, ಮತ್ತೆ ಆಡಲಿಲ್ಲ. ನಾನು ಮಾತ್ರ ಆರೂ ರವಿವಾರ ತಪ್ಪದೆ ಹೋದೆ — ಹೋಗದಿದ್ದರೆ ಸಂಶಯ ಬಂದೀತೆಂದು.

ಆಮೇಲೆ ನನ್ನ ಸಂಶಯ ದಿಕ್ಕು ಬದಲಿಸಿತು. ಯಾರಿಗೆ ಗೊತ್ತಾಗಿದೆ? ಮೇಡಂ ನಮಸ್ಕಾರಕ್ಕೆ ತಡವಾಗಿ ತಿರುಗಿದರೆ, ಇವರಿಗೆ ತಿಳಿದುಬಿಟ್ಟಿದೆ ಎಂದುಕೊಳ್ಳುತ್ತಿದ್ದೆ. ಸವಣೂರಿನ ಗಿರಾಕಿ ಬಂದರೆ ಮೊದಲು ಅವನ ಮುಖ ನೋಡುತ್ತಿದ್ದೆ, ಆಮೇಲೆ ಮೋಟರ್.

ಹೋದ ತಿಂಗಳು ನಿಮ್ಮದೇ ಫೋನ್ ಬಂತು. "ಮಿಸ್ತ್ರಿ, ಮೋಟರ್ ಮತ್ತ ಕೂತದ. ಬರ್ರಿ."

ಬಂದೆ. ಕಪಾಟು ತೆರೆದಿತ್ತು, ಕೆಂಪು ಅರಿವೆ ಬಿಚ್ಚಿತ್ತು. ಪಕ್ಕದಲ್ಲಿ ಮಕ್ಕಳು ಸಂಸ್ಕೃತದ ಅಕ್ಷರ ಕಲಿಯುವ ಪುಸ್ತಕ. ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲೆ ತಿದ್ದಿ ತಿದ್ದಿ ದಪ್ಪವಾದ ಅಕ್ಷರಗಳು.

"ದಿನಾ ಅರ್ಧ ಸಾಲ ಓದ್ತೇನಿ. ಅರ್ಥ ಇನ್ನೂ ಭಾಳ ದೂರ ಅದ," ಎಂದು ನಕ್ಕಿರಿ. ಆ ನಗೆಯನ್ನು ನಾನು ಮೊದಲ ಸಲ ನಂಬಿದೆ. ಆಗ ನೀವು ಹಾಳೆಯಿಂದ ಕಣ್ಣು ತೆಗೆಯದೆ ಹೇಳಿದಿರಿ: "ಚಷ್ಮಾದ ಆ ಮಾತು ನಾ ಒಬ್ಬರ ಮುಂದನ ಆಡಿದ್ದು, ಮಿಸ್ತ್ರಿ."

ಎಡಗೈಯಲ್ಲಿ ಬರೆದು ಅಡಗಿಕೊಂಡಿದ್ದೇನೆ ಎಂದುಕೊಂಡಿದ್ದೆ. ಚೀಟಿಯ ಒಂದೊಂದು ಮಾತೂ ನನ್ನ ಹೆಸರು ಹೇಳುತ್ತಿತ್ತು. ಅಂದು ಆ ಕೋಣೆಯಲ್ಲಿ ಸರಿಯಾಗಿ ಊಹಿಸಿದವರು ನೀವೊಬ್ಬರೇ. ಊಹಿಸಿಯೂ ನನ್ನ ಹೆಸರು ಎತ್ತಲಿಲ್ಲ. ಮಾಸ್ತರರ ಮೇಲೆ ಅಪವಾದ ಬಂದದ್ದು ನಿಮಗೆ ತಿಳಿದಿರಲಾರದು. ತಿಳಿದಿದ್ದರೆ ನೀವು ಸುಮ್ಮನಿರುವವರಲ್ಲ.

ನಾನು ಆಗಲೂ ಏನೆಂದೆ? "ಬೇರಿಂಗ್ ಹೋಗೇತ್ರಿ," ಎಂದೆ. ಮೋಟರ್ ಹೊತ್ತುಕೊಂಡು ಬಂದೆ.

ಬರುವ ರವಿವಾರ ಹಾನಗಲ್ಲಿನ ಅದೇ ಕೋಣೆಯಲ್ಲಿ ಹೊಸ ಪಾಠಮಾಲೆ ಶುರುವಾಗುತ್ತದೆ. ಮಾಸ್ತರರು ಬರುತ್ತಾರೆಂದು ಕೇಳಿದ್ದೇನೆ. ಈ ಹಾಳೆಗಳನ್ನು ಡಬ್ಬಿಯಲ್ಲಿ ಹಾಕುವುದಿಲ್ಲ. ಎದ್ದು ನಿಂತು ನಾನೇ ಓದುತ್ತೇನೆ, ಎಷ್ಟು ತಡವರಿಸಿದರೂ. ಅದರ ಹಿಂದಿನ ದಿನ, ಶನಿವಾರ, ನಿಮ್ಮ ಪಡಸಾಲೆಯಲ್ಲಿ ನಿಮಗೆ ಓದಿ, ನಿಮ್ಮ ಮಾತನ್ನು ಅಲ್ಲಿ ಎತ್ತಲು ನಿಮ್ಮ ಒಪ್ಪಿಗೆ ಕೇಳುತ್ತೇನೆ. ಬೇಡವೆಂದರೆ ನಿಮ್ಮ ಭಾಗ ಬಿಟ್ಟು, ನನ್ನ ತಪ್ಪನ್ನಷ್ಟೇ ಓದುತ್ತೇನೆ. ಕ್ಷಮಿಸಿ ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದ್ದೇನೆ. ಅದು ನಿಮ್ಮಿಂದ ಇನ್ನೂ ಏನನ್ನೋ ಕೇಳಿದಂತಾಗುತ್ತದೆ.

ಬಸ್ಸಿನಲ್ಲಿ ಟವೆಲ್ ಹಾಕಿರುತ್ತೇನೆ. ನೀವು ಬರಲೇಬೇಕೆಂದಿಲ್ಲ.

ಹೆಸರು ಕೆಳಗೆ ಹಾಕಿದ್ದೇನೆ. ಎಲ್ಲವನ್ನೂ ಬಲಗೈಯಲ್ಲಿ ಬರೆದಿದ್ದೇನೆ.

— ಫಕ್ಕೀರಪ್ಪ, ಬಂಕಾಪುರ