ಆಗಾಗ ಎಂದರೆ ಎಷ್ಟು ಸಲ?

ಮೊನ್ನೆ ಮಂಡಿ ತೋರಿಸಲು ಕೋಲಾರಕ್ಕೆ ಹೋಗಿದ್ದೆ. ಸೊಸೆ ಜೊತೆಗಿದ್ದಳು. ಚಿಕ್ಕ ವಯಸ್ಸಿನ ಡಾಕ್ಟರು ಪೆನ್ನು ಹಿಡಿದು, "ನೋವು ಆಗಾಗ ಬರುತ್ತಾ ಅಮ್ಮ, ಇಲ್ಲ ಯಾವಾಗ್ಲಾದ್ರೂ ಒಂದ್ಸಲಾನಾ?" ಎಂದು ಕೇಳಿದರು. ಸುಲಭದ ಪ್ರಶ್ನೆಯೇ. ನಾನು ಮಾತ್ರ ಓದದೆ ಪರೀಕ್ಷೆಗೆ ಬಂದವಳಂತೆ ಸೂರು ನೋಡುತ್ತಾ ಕುಳಿತೆ. ನನ್ನ ಮದುವೆಯೇ ಈ ಎರಡು ಮಾತುಗಳ ನಡುವೆ ಒಂದು ಗಳಿಗೆ ನಿಂತುಹೋಗಿತ್ತು ಎಂದು ಆ ಹುಡುಗನಿಗೆ ಹೇಗೆ ಹೇಳುವುದು? ನಿಮಗಾದರೆ ಹೇಳಬಹುದು.

ಎಪ್ಪತ್ತರ ದಶಕದ ಮಾತು. ಆವನಿ ಪಕ್ಕದ ನಮ್ಮೂರಿನಲ್ಲಿ ನನ್ನ ಮದುವೆಯ ಮಾತುಕತೆ. ಗಂಡಿನವರು ಟೇಕಲ್ ಕಡೆಯವರು, ರೇಷ್ಮೆ ಹುಳ ಸಾಕುವ ಮನೆ. ಸೀರೆ, ಊಟ, ಓಲಗ ಎಲ್ಲ ಒಪ್ಪಿಗೆಯಾಗಿ ತಾಂಬೂಲ ಬದಲಾಗುವ ಹೊತ್ತಿಗೆ ಅಪ್ಪ ಕೆಮ್ಮಿದರು.

"ಮಗೂನ ಆಗಾಗ ಕಳಿಸಿಕೊಡ್ಬೇಕು."

ನನ್ನ ಅತ್ತೆಯಾಗಲಿದ್ದವರು ತಾಂಬೂಲದ ತಟ್ಟೆಯಿಂದ ಕೈ ತೆಗೆದರು. "ಆಗಾಗ ಆಗಲ್ಲ. ಹುಳದ ಮನೆ ನಮ್ದು. ಯಾವಾಗ್ಲಾದ್ರೂ ಕಳಿಸ್ತೀವಿ."

"ಯಾವಾಗ್ಲಾದ್ರೂ ಬೇಡಮ್ಮ. ಆಗಾಗ ಅನ್ನಿ."

ಅಪ್ಪ ಯಾರೆದುರೂ ದನಿ ಎತ್ತಿದವರಲ್ಲ. ತಾಯಿಯಿಲ್ಲದ ನನಗೆ ತಾವೇ ಜಡೆ ಹಾಕಿ ಬೆಳೆಸಿದವರು. ಅವತ್ತು ಮಾತ್ರ ಜಗ್ಗಲಿಲ್ಲ. ಬಾಗಿಲ ಹಿಂದೆ ನಾನು ನಿಂತಿದ್ದೆ; ಸುಳ್ಳೇಕೆ, ಹುಡುಗನನ್ನು ಆಗಲೇ ಸಂದಿಯಿಂದ ನೋಡಿ ಮೆಚ್ಚಿಕೊಂಡಾಗಿತ್ತು. ಕೊನೆಗೆ ಹುಡುಗನ ತಾಯಿಯೇ, "ಸರಿ, ಆಗಾಗ" ಎಂದರು. ಎಷ್ಟು ದಿನಕ್ಕೊಮ್ಮೆ ಎಂದು ಯಾರೂ ಕೇಳಲಿಲ್ಲ.

ಆ ಆಗಾಗ ಮೊದಲ ವರ್ಷ ಎರಡೇ ಸಲ ಬಂತು, ಗೌರಿ ಹಬ್ಬಕ್ಕೊಮ್ಮೆ, ಯುಗಾದಿಗೊಮ್ಮೆ. ಹುಳಕ್ಕೆ ಭಾನುವಾರವಿಲ್ಲ ನೋಡಿ. ಒಂದು ಬೆಳೆ ಗೂಡು ಕಟ್ಟಿ ಮುಗಿಯುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿಗಳು ತಟ್ಟೆಯಲ್ಲಿರುತ್ತಿದ್ದವು. ಒಮ್ಮೆ ಅಪ್ಪನೇ ಅವರೆಕಾಯಿ ಚೀಲ ಹೊತ್ತು, ಎರಡು ಬಸ್ಸು ಬದಲಾಯಿಸಿ ಬಂದರು. ನನ್ನನ್ನು ಕಳಿಸಿ ಎಂದು ಕೇಳಲೋ ಬೇಡವೋ ಅಂತ ಖಾಲಿ ಚೀಲವನ್ನು ಮಡಿಸುತ್ತಾ ಬಹಳ ಹೊತ್ತು ನಿಂತಿದ್ದು, ಕೇಳದೆಯೇ ಹೊರಟುಹೋದರು.

ಮರುದಿನ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ಹುಳ ಮೇಯುವ ಸದ್ದಿನಲ್ಲಿ ನನ್ನ ಅಳು ಯಾರಿಗೂ ಕೇಳಿಸದು ಎಂದುಕೊಂಡಿದ್ದೆ. ಅತ್ತೆಗೆ ಕೇಳಿಸಿತು. ಸೊಪ್ಪಿನ ಬುಟ್ಟಿ ಕೆಳಗಿಟ್ಟರು.

"ನಮ್ಮಪ್ಪಂಗೆ ಈ ಮನೆಯೋರು ಯಾವಾಗ್ಲಾದ್ರೂ ಕಳಿಸ್ತೀವಿ ಅಂದಿದ್ರು. ಆ ಯಾವಾಗ್ಲಾದ್ರೂ ಬರೋ ಹೊತ್ಗೆ ಅವ್ರೇ ಇರ್ಲಿಲ್ಲ." ನನ್ನ ಕೈಲಿದ್ದ ಸೊಪ್ಪು ತೆಗೆದುಕೊಂಡು, "ಸೋಮವಾರ ಹೋಗು" ಎಂದರು.

"ಹುಳ ದೊಡ್ಡದಾಗಿದೆ ಅತ್ತೆ. ಇಷ್ಟು ಸೊಪ್ಪು ಯಾರು ಹಾಕ್ತಾರೆ?"

"ನನ್ನ ಕೈಯೇನು ಬಿದ್ದೋಗಿಲ್ಲ ಕಣೇ!" ಎಂದು ಗದರಿದರು. ಆಮೇಲೆ ಮೆಲ್ಲಗೆ, "ಪೋಯಿ ರಾ ತಲ್ಲಿ" ಎಂದರು. ಹೋಗಿ ಬಾರಮ್ಮ ಎಂದು. ಅತ್ತೆಗೆ ಕೋಪ ಕನ್ನಡದಲ್ಲಿ ಬರುತ್ತಿತ್ತು, ಪ್ರೀತಿ ತೆಲುಗಿನಲ್ಲಿ.

ಅಲ್ಲಿಂದ ಮುಂದೆ ಪ್ರತಿ ಬೆಳೆಗೂ, ಅಂದರೆ ಹೆಚ್ಚುಕಡಿಮೆ ಒಂದೂವರೆ ತಿಂಗಳಿಗೊಮ್ಮೆ, ಒಂದು ಸೋಮವಾರ ನನ್ನದಾಯಿತು. ಎಂಟು ವರ್ಷ ಅಪ್ಪ ಆ ಸೋಮವಾರಗಳಂದು ಬೆಳಿಗ್ಗೆಯೇ ಬಂದು ಬಸ್ ನಿಲ್ಲುವ ಕಡೆ ಕೂತಿರುತ್ತಿದ್ದರು. ಅವರು ತೀರಿಕೊಂಡಾಗ ನಾನು ಬಿಕ್ಕಿ ಬಿಕ್ಕಿ ಅತ್ತಿದ್ದೆ, ಆದರೆ ಅಪ್ಪನನ್ನು ಕಣ್ತುಂಬ ನೋಡಲಿಲ್ಲವಲ್ಲ ಎಂಬ ಹಳಹಳಿಕೆ ನನಗಿರಲಿಲ್ಲ. ಆ ಸಮಾಧಾನ ಅತ್ತೆ ಕೊಟ್ಟದ್ದು.

"ಅಮ್ಮಾ?" ಎಂದರು ಡಾಕ್ಟರು. "ಮೆಟ್ಟಿಲು ಹತ್ತಿದಾಗೆಲ್ಲ ಬರುತ್ತೆ" ಎಂದು ಹೇಳಿ ಎದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸೊಸೆ ಕಿಟಕಿ ಪಕ್ಕ ಕುಳಿತಳು. ಅವಳ ತವರು ಶ್ರೀನಿವಾಸಪುರ. ಅಮ್ಮನನ್ನು ನೋಡಿ ಬರಲೇ ಎಂದು ಅವಳು ಹೋದ ತಿಂಗಳು ಕೇಳಿದ್ದಳು. "ಯಾವಾಗ್ಲಾದ್ರೂ ಹೋಗಿ ಬಾ, ಯಾರು ಬೇಡ ಅಂದ್ರು?" ಎಂದಿದ್ದೆ ನಾನು. ನಾನೆಂಥ ಒಳ್ಳೆಯ ಅತ್ತೆ ಎಂದು ಒಳಗೊಳಗೇ ಬೀಗಿಯೂ ಇದ್ದೆ. ಅವಳಿನ್ನೂ ಹೋಗಿರಲಿಲ್ಲ.

"ಸೋಮವಾರ ಹೋಗು" ಎಂದೆ.

ಅವಳು ತಿರುಗಿ ನೋಡಿದಳು. "ನಿಮ್ಮ ಮಂಡಿ, ಅತ್ತೆ?"

"ಅದೆಲ್ಲಿಗೂ ಹೋಗಲ್ಲ ಕಣೇ" ಎಂದು ಗದರಿದೆ. ಆಮೇಲೆ ತೆಲುಗು ತಾನಾಗಿಯೇ ಬಾಯಿಗೆ ಬಂತು.

"ಪೋಯಿ ರಾ ತಲ್ಲಿ."