ಬೀಗರಿಗಿಲ್ಲದ ಬೆಲ್ಟು

ಹೋದ ವಾರ ನಮ್ಮ ಬೀಗರ ತಲೆ ಒಡೆಯಿತು. ಕಾರಣ, ಮರ್ಯಾದೆ.

ಗಾಬರಿಯಾಗಬೇಡಿ, ಹೊಡೆದಾಟವೇನೂ ಆಗಲಿಲ್ಲ. ಅಣ್ಣ ಮುಂಬಯಿಯಿಂದ ಒಂದು ಹಳೆಯ ವಿಲಾಯಿತಿ ಕಾರು ತಂದಿದ್ದಾನೆ. ಮುಂದಿನ ಎರಡೂ ಸೀಟಿಗೆ ಬೆಲ್ಟು, ನಮ್ಮ ಕಡೆಯ ಕಾರುಗಳಲ್ಲಿ ಇನ್ನೂ ಕಾಣದ್ದು. ಕಾರು ಎಲ್ಲಾದರೂ ಗುದ್ದಿದರೆ ಮನುಷ್ಯ ಮುಂದಕ್ಕೆ ಹಾರದಂತೆ ಹಿಡಿದಿಡುವ ಪಟ್ಟಿ. (ನಮ್ಮ ಓಣಿಯವರು ಅದನ್ನು ನೋಡಿ ಕೇಳಿದ್ದು ಒಂದೇ: "ಯಾಕ್ರಿ, ಬಾಗಲಾ ಗಟ್ಟಿ ಇಲ್ಲೇನ್ರಿ?")

ಅಣ್ಣನ ಮಗಳ ಮದುವೆಗೆ ಜವಳಿ ತೆಗೆಯಬೇಕಿತ್ತು. ತಿಕೋಟಾದಿಂದ ಬೀಗರನ್ನು ಕರೆತರಬೇಕು. ಹುಡುಗನ ತಂದೆ ಅಂದಮೇಲೆ ಮುಂದಿನ ಸೀಟೇ ಕೊಡಬೇಕಲ್ಲವೇ? ಹೊರಡುವ ಮುನ್ನ ಅಣ್ಣ ಪಾನಾ ಹಿಡಿದು ಆ ಸೀಟಿನ ಬೆಲ್ಟು ಬಿಚ್ಚತೊಡಗಿದ.

"ಯಾಕಣ್ಣಾ, ಯಾಕ ಬಿಚ್ಚಾಕತ್ತೀ?" ಎಂದೆ.

"ಬೀಗರನ್ನ ಎತ್ತು ಕಟ್ಟಿದಂಗ ಕಟ್ಟಿ ತರಾಕ ಬರ್ತದೇನು? ಸಂಬಂಧ ಉಳೀತದ?"

"ಮತ್ತ ನಿಂದು?"

"ನಾ ಮನ್ಯಾಂವ. ನನಗ್ಯಾತರ ಮರ್ಯಾದಿ?"

ತಿಕೋಟಾದಲ್ಲಿ ಬೀಗಿತಿ ದೊಡ್ಡದೊಂದು ಭರಣಿ ಮಾವಿನ ಉಪ್ಪಿನಕಾಯಿ ಕೊಟ್ಟರು. ರಸ್ತೆ ಹೇಗಿದೆ ಅಂತ ನಿಮಗೆ ಗೊತ್ತೇ ಇದೆ. ಅಣ್ಣ ಡಿಕ್ಕಿಯಿಂದ ಆ ಬೆಲ್ಟು ತಂದು ಭರಣಿಯನ್ನು ತನ್ನ ಸೀಟಿನ ಬೆನ್ನಿಗೆ ಬಿಗಿದು ಕಟ್ಟಿದ. ಹಿಂದೆ ನಾನು ಮತ್ತು ಭರಣಿ. ಮುಂದೆ ಬೀಗರು, ಕಾಲು ಚಾಚಿಕೊಂಡು ಆರಾಮ. ನಾವು ದನ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಹಿರಿಯರನ್ನು ಮಾತ್ರ ಹಾಗೇ ಬಿಡುತ್ತೇವೆ.

ಅರಕೇರಿ ಹತ್ತಿರ ಎಮ್ಮೆ ಅಡ್ಡ ಬಂತು. ಅಣ್ಣ ಬ್ರೇಕ್ ಒತ್ತಿದ. ಕಾರು ಜಾರಿ ಬೇವಿನ ಮರಕ್ಕೆ ಗುದ್ದಿತು. ಎಮ್ಮೆ ಮೇಯಲು ಹೋಯಿತು.

ಅಣ್ಣನ ಎದೆಯ ಮೇಲೆ ಬೆಲ್ಟಿನ ಬರೆ, ಅಷ್ಟೇ. ನನ್ನ ಮೂಗು ಮುಂದಿನ ಸೀಟಿಗೆ ಜಜ್ಜಿತು. ಬೀಗರ ತಲೆ ಗಾಜಿಗೆ ಬಡಿದಿತ್ತು. ಮುಖದ ತುಂಬ ರಕ್ತ, ಮಾತಿಲ್ಲ. ಮದುವೆ ಮನೆಗಳೆರಡೂ ಸೂತಕದ ಮನೆಗಳಾದವಲ್ಲಪ್ಪ! "ಬೀಗರ, ಕಣ್ಣ ತೆಗೀರಿ, ನಿಮ್ಮ ಕಾಲ ಬೀಳ್ತೀನ್ರಿ" ಎಂದು ಅಣ್ಣ ಗೊಳೋ ಎಂದು ಅತ್ತ.

ತೆಗೆದರು, ನಮ್ಮ ಪುಣ್ಯ. ವಿಜಾಪುರದಲ್ಲಿ ಡಾಕ್ಟರು ಹಣೆಗೆ ಹೊಲಿಗೆ ಹಾಕಿದ ಮೇಲೆ ಬೀಗರ ಮೊದಲ ಮಾತು: "ಭರಣಿ ಒಡೀತೇನ್ರಿ?"

"ಇಲ್ರಿ. ಒಂದ ಹನಿ ಎಣ್ಣಿ ಸೈತ ಚೆಲ್ಲಿಲ್ರಿ" ಎಂದ ಅಣ್ಣ. ಬೆಲ್ಟು ಬಿಚ್ಚಿದ್ದು, ಭರಣಿಗೆ ಕಟ್ಟಿದ್ದು, ಎಲ್ಲವನ್ನೂ ಹೇಳಿದ.

ಬೀಗರು ಅವನನ್ನೇ ನೋಡಿದರು. "ಉಪ್ಪಿನಕಾಯಿಗಿ ಮರ್ಯಾದಿ ಕೊಡಲಿಲ್ಲ ನೀವು. ಉಳೀತು ನೋಡ್ರಿ."

ಮದುವೆ ನಿಂತಿಲ್ಲ. ಕಾರು ಗ್ಯಾರೇಜಿನಲ್ಲಿದೆ. ಗಾಜು ಆಮೇಲೆ, ಮೊದಲು ಬೆಲ್ಟು ಕೂಡಿಸಿ ಎಂದಿದ್ದಾನೆ ಅಣ್ಣ.

ನಾಳೆ ಯಾರಾದರೂ ನಿಮ್ಮನ್ನು ಕಾರಿನಲ್ಲಿ ಕರೆದೊಯ್ದರೆ ಏನಾಗಿ ಕೂರುತ್ತೀರಿ? ಬೀಗರಾಗಿಯೋ, ಭರಣಿಯಾಗಿಯೋ?